ಪ್ರಾಕ್ಟೀಸ್ ಚೆನ್ನಾಗೇ ಇದೆಯಲ್ಲ, ಈಗ್ಯಾಕೆ ಪಿಎಚ್‌ಡಿ?

ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುವ ಗೆಳೆಯರು ಸಿಕ್ಕಾಗೆಲ್ಲ ಇದನ್ನೇ ಕೇಳುತ್ತಾರೆ. "ಹನ್ನೊಂದು ವರ್ಷ ಕೈ ಪಳಗಿದೆ, ಪೇಷಂಟ್‌ಗಳು ಹುಡುಕಿಕೊಂಡು ಬರ್ತಾರೆ. ಈಗ ಮತ್ತೆ ಓದೋಕೆ ಹೋಗಿದ್ದೀಯಲ್ಲ, ಯಾಕೆ?" ಎಂಪಿಟಿ (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ಮುಗಿಸಿದ ಕಿರಿಯರದ್ದು ಬೇರೆ ಪ್ರಶ್ನೆ: "ಅಕ್ಕಾ, ನಾನೂ ಮಾಡ್ಲಾ?" ಎರಡಕ್ಕೂ ನನ್ನ ಹತ್ತಿರ ಇರುವ ಉತ್ತರ ಒಂದೇ. ನನ್ನ ಪೇಷಂಟ್ ಒಬ್ಬರು ಒಂದು ಪ್ರಶ್ನೆ ಕೊಟ್ಟರು, ಅದು ನನ್ನನ್ನು ಬಿಡಲಿಲ್ಲ.

ವಾರಕ್ಕೆ ಎರಡು ದಿನ ನಾನು ಮಂಡ್ಯದಲ್ಲಿ ಪೇಷಂಟ್ ನೋಡುತ್ತೇನೆ. ಅಲ್ಲಿಗೆ ಅರವತ್ತು ದಾಟಿದ ಒಬ್ಬರು ಅಮ್ಮ ಬರುತ್ತಿದ್ದರು. ಎರಡೂ ಮಂಡಿ ಸವೆದಿತ್ತು. ಮಂಡಿ ಸವೆತಕ್ಕೆ ವೊಮ್ಯಾಕ್ ಅಂತ ಒಂದು ಪ್ರಶ್ನಾವಳಿ ಇದೆ, ಪ್ರಪಂಚದ ಎಲ್ಲ ಕಡೆ ಬಳಸುತ್ತಾರೆ. ಒಟ್ಟು 24 ಪ್ರಶ್ನೆ: ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ದಿನದ ಕೆಲಸಗಳ ಬಗ್ಗೆ 17. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಅಂಕ ಕಮ್ಮಿ ಬಂದಷ್ಟೂ ಮಂಡಿ ಚೆನ್ನಾಗಿದೆ ಅಂತ ಅರ್ಥ.

"ಸಾಕ್ಸ್ ಹಾಕಿಕೊಳ್ಳುವಾಗ ಎಷ್ಟು ಕಷ್ಟ ಆಗುತ್ತಮ್ಮಾ?" ಅಂತ ಕೇಳಿದೆ.

"ನಾನ್ಯಾವತ್ತವ್ವ ಸಾಕ್ಸ್ ಹಾಕಿದ್ದೀನಿ?"

"ಕಾರು ಹತ್ತಿ ಇಳಿಯುವಾಗ?"

"ಕಾರು ಯಾರ ಮನೇಲೈತೆ? ಅದೆಲ್ಲ ಬುಡವ್ವ. ನಾಟಿ ಹಾಕುವಾಗ ಕೆಸರಿಂದ ಕಾಲು ಕೀಳಕ್ಕಾಗಕ್ಕಿಲ್ಲ. ಕಕ್ಕಸಿಗೆ ಕುಂತ್ರೆ ಗೋಡೆ ಹಿಡಿದೇ ಏಳಬೇಕು. ಅದುನ್ನ ಕೇಳು."

ಕಕ್ಕಸಿನಲ್ಲಿ ಕೂತು ಏಳುವ ಬಗ್ಗೆ ಒಂದು ಪ್ರಶ್ನೆ ಇದೆ, ಉಳಿದದ್ದನ್ನು ಕೇಳೋಕೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳ ಮಕ್ಕಳ ಹಾಕಿ ಕೂರುವುದು, ನೆಲದಿಂದ ಏಳುವುದು, ಯಾವುದೂ ಇಲ್ಲ. ಆರು ವಾರ ವ್ಯಾಯಾಮ ಮಾಡಿಸಿದೆ. ಅಂಕ ಚೆನ್ನಾಗಿ ಇಳಿಯಿತು. ಕಾಗದದ ಪ್ರಕಾರ ಆಕೆ ಚೇತರಿಸಿಕೊಂಡಿದ್ದರು. ಆದರೆ ಆ ವರ್ಷ ನಾಟಿಗೆ ಹೋಗಲಿಲ್ಲ, ಕೂಲಿಯೂ ಬರಲಿಲ್ಲ. ನಾನು ಅಳೆದದ್ದು ಏನನ್ನು ಹಾಗಾದರೆ? ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ವಾಪಸ್ ಬರುವಾಗ ಎಷ್ಟೋ ಸಂಜೆ ಇದನ್ನೇ ಯೋಚಿಸಿದ್ದೇನೆ.

ವೊಮ್ಯಾಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನು ಮಾಡಿದವರು ತಮ್ಮ ಮುಂದಿದ್ದ ಜನರನ್ನು ಕೇಳಿ ಮಾಡಿದರು. ನಮ್ಮ ಮುಂದಿರುವವರನ್ನು ಕೇಳುವುದು ನಮ್ಮ ಕೆಲಸ, ಅಲ್ವಾ? ಅದನ್ನು ಕ್ಲಿನಿಕ್‌ನಲ್ಲಿ ಕೂತು ಸುಮ್ನೆ ನಾಲ್ಕು ಪ್ರಶ್ನೆ ಬರೆದು ಮಾಡೋಕಾಗಲ್ಲ. ಪ್ರಶ್ನೆ ಎಲ್ಲರಿಗೂ ಒಂದೇ ರೀತಿ ಅರ್ಥ ಆಗುತ್ತಾ ನೋಡಬೇಕು. ಮಂಡಿಯಲ್ಲಿ ಏನೂ ಬದಲಾಗದಿದ್ದರೆ ವಾರ ಬಿಟ್ಟು ಕೇಳಿದರೂ ಅದೇ ಉತ್ತರ ಬರಬೇಕು. ನಿಜವಾಗಿ ವಾಸಿಯಾದಾಗ ಅಂಕವೂ ಬದಲಾಗಬೇಕು. ಇದನ್ನೆಲ್ಲ ಪರೀಕ್ಷಿಸೋಕೆ ಒಂದೊಂದು ಪ್ರಶ್ನೆಗೆ ಐದರಿಂದ ಹತ್ತು ಜನರಾದರೂ ಬೇಕು ಅನ್ನುವುದು ರೂಢಿ. ಹದಿನೈದು ಪ್ರಶ್ನೆ ಇದ್ದರೂ ನೂರೈವತ್ತು ಜನರ ತನಕ ಹೋಗುತ್ತದೆ. ಈ ಕೆಲಸ ಕಲಿಯೋಕೆ ನನಗೆ ಗೈಡ್ ಬೇಕಿತ್ತು, ಸಂಖ್ಯಾಶಾಸ್ತ್ರ ಹೇಳಿಕೊಡುವವರು ಬೇಕಿತ್ತು, "ಇದು ತಪ್ಪು" ಅನ್ನುವವರು ಬೇಕಿತ್ತು. ಅದಕ್ಕೇ ಪಿಎಚ್‌ಡಿ.

ಅಮೆರಿಕದ ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಮಾಡಬಹುದಲ್ಲ ಅಂತಲೂ ಕೇಳುತ್ತಾರೆ. ಅದು ಬೇರೆ. 2016ರಿಂದ ಅಲ್ಲಿ ಫಿಸಿಕಲ್ ಥೆರಪಿಸ್ಟ್ ಆಗೋಕೆ ಓದಬೇಕಾದ ಪದವಿಯೇ ಡಾಕ್ಟರೇಟ್ ಮಟ್ಟದ್ದು, ಸಾಮಾನ್ಯವಾಗಿ ಮೂರು ವರ್ಷ. ಅದು ಚಿಕಿತ್ಸೆ ಕೊಡುವವರನ್ನು ತಯಾರು ಮಾಡುತ್ತದೆ. ಪಿಎಚ್‌ಡಿ ಕಲಿಸುವುದು ಸಂಶೋಧನೆಯನ್ನು. ಅಲ್ಲಿ ಹೋಗಿ ಕೆಲಸ ಮಾಡುವ ಆಸೆ ಇದ್ದರೆ ಆ ದಾರಿ ವಿಚಾರಿಸಿ.

ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳೋಕೆ ಮಾತ್ರ ಆದರೆ, ದಯವಿಟ್ಟು ಬೇಡ. ಫಿಸಿಯೋಗಳು ಅದನ್ನು ಬಳಸಬಾರದು ಅಂತ 2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆಯಿತು, ಮರುದಿನವೇ ಹಿಂದೆ ತಗೊಂಡಿತು. ಆ ಜಗಳ ಅದರ ಪಾಡಿಗೆ ನಡೆಯಲಿ. ಬೋರ್ಡಿನ ಮೇಲಿನ ಎರಡಕ್ಷರಕ್ಕಾಗಿ ಐದಾರು ವರ್ಷ ಕೊಡುವುದು ತುಂಬಾ ಜಾಸ್ತಿ ಆಯ್ತು.

ಕೆಲಸದಲ್ಲಿದ್ದುಕೊಂಡೇ ಮಾಡಬಹುದು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಇದೆ. ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೂ ಎರಡು ವರ್ಷ ಸಿಗುತ್ತದೆ, ಹೆರಿಗೆ ರಜೆ 240 ದಿನದವರೆಗೆ ಇದೆ. ಸ್ನಾತಕೋತ್ತರದಲ್ಲಿ ಶೇಕಡ 55 ಅಂಕ ಬೇಕು, ಮೀಸಲಾತಿ ಇದ್ದವರಿಗೆ 50. ಕೆಲಸ ಮಾಡುವ ಜಾಗದಿಂದ ಎನ್‌ಒಸಿ, ಅಂದರೆ ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ ಬೇಕು. ನನಗೆ ಕಷ್ಟ ಆಗಿದ್ದು ಇಲ್ಲೇ. ಆಗ ನಾನಿದ್ದ ಕಡೆ ಆರು ತಿಂಗಳು "ನಾಳೆ ಕೊಡ್ತೀವಿ" ಅಂದರು, ಕೊನೆಗೆ ಕೊಡಲಿಲ್ಲ. ಆ ಕೆಲಸ ಬಿಟ್ಟೆ. ಹಾಗಾಗಿ ಅರ್ಜಿ ಹಾಕುವ ಮೊದಲೇ ಎನ್‌ಒಸಿ ಮಾತು ಮುಗಿಸಿಕೊಳ್ಳಿ. ಹಣದ ವಿಷಯವನ್ನೂ ಮನೆಯವರ ಜೊತೆ ಬಿಚ್ಚಿ ಮಾತಾಡಿ. ನನಗೆ ಫೆಲೋಶಿಪ್ ಸಿಗಲಿಲ್ಲ, ಪಿಎಚ್‌ಡಿ ಮಾಡುತ್ತಿದ್ದೇನೆ ಅಂತ ಕ್ಲಿನಿಕ್‌ನಲ್ಲಿ ಯಾರೂ ಜಾಸ್ತಿ ಫೀಸ್ ಕೊಡುವುದಿಲ್ಲ.

ಆದರೆ ಪೇಷಂಟ್ ಮಾತನ್ನು ಕೇಳುವ ರೀತಿ ಬದಲಾಯಿತು. ಮೊದಲು "ನೋವು ಹತ್ತರಲ್ಲಿ ಎಷ್ಟು?" ಅಂತ ಕೇಳುತ್ತಿದ್ದೆ. "ರೂಪಾಯ್ಗೆ ಎಂಟಾಣೆ ವಾಸಿ ಕಣವ್ವ" ಅನ್ನೋರು. ನಾನು ಐದು ಅಂತ ಬರೆದುಕೊಳ್ಳುತ್ತಿದ್ದೆ. ಅದು ತಪ್ಪು. ನಾನು ಕೇಳಿದ್ದು ಈಗಿರುವ ನೋವು, ಅವರು ಹೇಳಿದ್ದು ಮೊದಲಿಗಿಂತ ಎಷ್ಟು ಇಳಿದಿದೆ ಅನ್ನುವುದನ್ನು. ಎರಡೂ ಬೇರೆ ಬೇರೆ ಅಳತೆ. ಎಷ್ಟು ಕೇಸ್‌ಶೀಟ್‌ಗಳಲ್ಲಿ ಹೀಗೆ ಬರೆದಿದ್ದೇನೋ ನೆನೆಸಿಕೊಂಡರೆ ಬೇಜಾರಾಗುತ್ತದೆ. ಸಂಶೋಧನೆಗೆ ಸೇರುವ ಪೇಷಂಟ್‌ಗಳಿಂದ ಪಡೆಯುವ ಒಪ್ಪಿಗೆ ಪತ್ರದ್ದೂ ಇದೇ ಕಥೆ. "ಸ್ವಇಚ್ಛೆಯಿಂದ ಸಮ್ಮತಿಸಿರುತ್ತೇನೆ" ಅಂತ ಬರೆದು ಓದಿ ಹೇಳಿದರೆ ಸುಮ್ಮನೆ ಹೆಬ್ಬೆಟ್ಟು ಒತ್ತುತ್ತಿದ್ದರು. "ನೀವು ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ" ಅಂತ ಬದಲಾಯಿಸಿ, ಸಂಶೋಧನೆಯಲ್ಲಿ ಪೇಷಂಟ್‌ಗೆ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಗೆ ಮತ್ತೆ ಕಳಿಸಿ ಒಪ್ಪಿಗೆ ಪಡೆದೆ. ಆಮೇಲೆ ಇಬ್ಬರು "ಹಂಗಾರೆ ಬ್ಯಾಡ" ಅಂದರು. ಅವತ್ತು ನನಗೆ ಖುಷಿಯಾಯಿತು, ಅವರಿಗೆ ಅರ್ಥ ಆಗಿತ್ತು.

ನೀವೂ ಯೋಚಿಸುತ್ತಿದ್ದರೆ ಇವತ್ತೇ ಅರ್ಜಿ ತುಂಬಬೇಡಿ. ಒಂದು ನೋಟ್‌ಬುಕ್ ತಗೊಳ್ಳಿ. ಮೂರು ತಿಂಗಳು, ಪೇಷಂಟ್ ಹೇಳಿದ ಯಾವ ಮಾತಿಗೆ ನಿಮ್ಮ ಹತ್ತಿರ ಉತ್ತರ ಇರಲಿಲ್ಲವೋ ಅದನ್ನು ಅವರದೇ ಮಾತಿನಲ್ಲಿ ಬರೆದಿಡಿ. ಅದರಲ್ಲಿ ಯಾವುದಾದರೂ ಒಂದು ಐದಾರು ಸಲ ಬಂದಿದ್ದರೆ ನೋಟ್‌ಬುಕ್ ಹಿಡಿದು ಬನ್ನಿ. ಭಾನುವಾರ ನಾನು ಮೈಸೂರಿನಲ್ಲೇ ಇರುತ್ತೇನೆ, ಕೂತು ಮಾತಾಡೋಣ.