ಕೆಂಪು ನೆಲದ ಕೋಣೆಯ ಗೋಡೆಗೆ ನವಿಲುನೀಲಿಯೋ, ಗೋಧಿಬಣ್ಣವೋ: ಕೆಲಸ ಎಲ್ಲಿಗೆ ಬಂತು

ಮೈಸೂರು, ಸರಸ್ವತಿಪುರಂ. ಕೋಣೆ 10×12 ಅಡಿ, ಎತ್ತರ 10. ಪೂರ್ವಕ್ಕೆ ಒಂದೇ ಕಿಟಕಿ, ನೆಲ ಹಳೇ ರೆಡ್ ಆಕ್ಸೈಡ್. ಬಾಗಿಲು, ಕಿಟಕಿ ಕಳೆದರೆ ಗೋಡೆ ಸುಮಾರು 400 ಚದರಡಿ.

ದಿನ 1, 2: ಸ್ಯಾಂಪಲ್

ಎರಡೂ ಬಣ್ಣ 200 ಎಂಎಲ್ ತರಿಸಿ, 2×2 ಅಡಿಯ ಬಿಳಿ ರಟ್ಟಿಗೆ ಎರಡೆರಡು ಕೋಟ್. ಹಳೇ ಗುಲಾಬಿ ಗೋಡೆಯ ಮೇಲೇ ಹಚ್ಚಿದರೆ ಸುತ್ತಲಿನ ಗುಲಾಬಿ ಕಣ್ಣಿಗೆ ಮೋಸ ಮಾಡುತ್ತದೆ. ಹಸಿಯಲ್ಲೂ ತೀರ್ಮಾನ ಬೇಡ. ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ) ಒಣಗಿದ ಮೇಲೆ ಒಂದು ಗುಂಜಿ ಗಾಢವಾಗುತ್ತದೆ.

ಆಟ ಕೆಡಿಸಿದ್ದು ನೆಲ. ಬೆಳಗ್ಗೆ ಎಂಟರ ಬಿಸಿಲು ನೆಲಕ್ಕೆ ಬಿದ್ದು ಕೆಂಪಾಗಿ ಪುಟಿಯುತ್ತದೆ. ನೆಲಕ್ಕೆ ತಾಗಿಸಿಟ್ಟ ಗೋಧಿಬಣ್ಣದ ರಟ್ಟು ಪರಂಗಿಹಣ್ಣಿನ ಕಡೆ ಹೊರಳಿತು. ನೀಲಿ ಆ ಕೆಂಪನ್ನೆಲ್ಲ ನುಂಗಿ ಮಸಿ ಹಿಡಿದಂತಾಯಿತು. ಕಣ್ಣಿನೆತ್ತರದಲ್ಲಿ ಈ ತೊಂದರೆ ತೀರಾ ಕಡಿಮೆ. ರಾತ್ರಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ಬಿಳಿ-ನೀಲಿ, ತಗ್ಗಿದಷ್ಟೂ ಹಳದಿ) ಎಲ್‌ಇಡಿಗೆ ನೀಲಿ ಚೆಂದ, ಗೋಧಿ ಪೇಲವ, 3000ಕ್ಕೆ ಉಲ್ಟಾ. 4000ಕ್ಕೆ ಎರಡೂ ಒಪ್ಪಿದವು.

ಹಾಗಾಗಿ ಗೋಧಿಯಲ್ಲೇ ತುಸು ಹಸಿರು ಬೆರೆತ ಶೇಡ್ ಮೂರು ಗೋಡೆಗೆ. ನೆಲದ ಕೆಂಪನ್ನು ಆ ಹಸಿರು ತಗ್ಗಿಸುತ್ತದೆ. ನೀಲಿ ಕಿಟಕಿಯ ಎದುರು ಗೋಡೆಗೆ ಮಾತ್ರ, ಬುಡದ ಮಸುಕು ಮಂಚದ ಹಿಂದೆ ಮರೆಯಾಗುತ್ತದೆ. ಕಿಟಕಿ ಇರುವ ಗೋಡೆಗೆ ಗಾಢ ಬಣ್ಣ ಬೇಡವೇ ಬೇಡ. ಹೊರಗಿನ ಬೆಳಕಿನ ಪಕ್ಕದಲ್ಲಿ ಅದು ಹಗಲಿಡೀ ಕಪ್ಪಾಗೇ ಕಾಣುತ್ತದೆ.

ದಿನ 4: ಪ್ರೈಮರ್

180 ನಂಬರ್ ಎಮರಿ ಕಾಗದದಿಂದ ಉಜ್ಜಿ, ಧೂಳು ಒರೆಸಿ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲಿನ ತಳ ಕೋಟ್. ನೀಲಿ ಗೋಡೆಯ ಪ್ರೈಮರ್‌ಗೆ ಕಪ್ಪು ಸ್ಟೇನರ್ (ಬಣ್ಣ ಬರಿಸಲು ಬೆರೆಸುವ ಗಟ್ಟಿ ದ್ರವ) ಹನಿ ಹನಿಯಾಗಿ ಸೇರಿಸಿ ತಿಳಿ ಬೂದಿಬಣ್ಣ ಮಾಡಬೇಕು. ಗಾಢ ಶೇಡ್ ಕಲಸುವ ಬೇಸ್‌ನಲ್ಲಿ, ಅಂದರೆ ಮೂಲ ಪೇಂಟಿನಲ್ಲಿ, ಬಿಳಿ ಪಿಗ್ಮೆಂಟ್ (ಬಣ್ಣದ ಪುಡಿ) ಕಡಿಮೆ, ಹಾಗಾಗಿ ಮುಚ್ಚುವ ಶಕ್ತಿಯೂ ಕಡಿಮೆ. ಬಿಳಿ ಪ್ರೈಮರ್ ಮೇಲೆ ಮೂರು ಕೋಟ್ ಹೊಡೆದರೂ ತೇಪೆ ತೇಪೆ.

ದಿನ 5, 6: ಬಣ್ಣ

ಲೀಟರಿಗೆ ಎರಡು ಕೋಟ್‌ನಲ್ಲಿ ಸುಮಾರು 130 ಚದರಡಿ ಲೆಕ್ಕ. ಗೋಧಿ 300 ಚದರಡಿಗೆ 4 ಲೀಟರ್ ಡಬ್ಬಿ, ಉಳಿದದ್ದು ಟಚಪ್‌ಗೆ. ನೀಲಿ 100 ಚದರಡಿಗೆ ಮೂರು ಕೋಟ್, ಒಂದೊಂದು ಲೀಟರಿನ ಎರಡು ಡಬ್ಬಿ. ನೀಲಿಯ ಈ ಎರಡೂ ಡಬ್ಬಿಯನ್ನು ಮೊದಲೇ ಒಂದೇ ಬಕೆಟ್ಟಿಗೆ ಸುರಿದು ಕಲಸಿ. ಮಷೀನ್ ಮಿಕ್ಸ್‌ನಲ್ಲೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆ ವ್ಯತ್ಯಾಸ ಇರಬಹುದು.

ಎರಡು ಬಣ್ಣ ಸೇರುವ ಮೂಲೆಯಲ್ಲಿ, ಗೆರೆ ನೇರ ಬರಲೆಂದು ಅಂಟಿಸಿದ ಟೇಪಿನಡಿಗೆ ನೀಲಿ ಬಣ್ಣ ನುಗ್ಗಿ ಅಂಚು ಗರಗಸದಂತಾಯಿತು. ಅದನ್ನು ಗೋಧಿಯಿಂದ ಮುಚ್ಚಿ ಒಣಗಿಸಿ, ಹೊಸ ಟೇಪ್ ಅಂಟಿಸಿ, ಅದರ ಅಂಚಿಗೆ ಮೊದಲು ಗೋಧಿಯನ್ನೇ ಸವರಿ, ಒಣಗಿದ ಮೇಲೆ ನೀಲಿ. ನುಗ್ಗುವುದಿದ್ದರೆ ಗೋಧಿಯೇ ನುಗ್ಗುತ್ತದೆ, ಕಾಣುವುದಿಲ್ಲ. ಟೇಪನ್ನು ಕೊನೆ ಕೋಟ್ ಹಸಿ ಇರುವಾಗಲೇ ಎಳೆಯಬೇಕು.

ನೀಲಿಯ ಮೂರನೇ ಕೋಟ್ ಬಾಕಿ. ಮೋಡ ಕವಿದಿದೆ, ಎರಡು ಕೋಟ್‌ಗಳ ನಡುವೆ ನಾಲ್ಕು ಗಂಟೆಯ ಅಂತರ ಸಾಲದು, ನಾಳೆ ಬೆಳಗ್ಗೆ.