ಚಾಕು ಕೆಳಗಿಟ್ಟು ಬೆರಳು ತಿರುಗಿಸಿದ

ಕಳೆದ ಗುರುವಾರ ಇಸ್ತಾಂಬುಲ್‌ನ ಕಡಿಕೋಯ್ ಬೀದಿಯಲ್ಲಿ ನಡೆದದ್ದು. ಊರಿಗೆ ಬಂದು ಎರಡು ದಿನ ಆಯ್ತು, ತಲೆಯಿಂದ ಹೋಗುತ್ತಿಲ್ಲ.

ಅಂಗಡಿ ಬೋರ್ಡಿನ ಮೇಲೆ 'ಡೋನರ್ ದುರುಮ್' ಅಂತಿತ್ತು. ಅಲ್ಲಿಂದಲೇ ನಮ್ಮ ಭಾವ ಶುರು ಮಾಡಿದರು. "ಡೋನರ್ ಅಂದ್ರೆ ದಾನಿ ಕಣೋ, ಪುಕ್ಕಟೆ ಕೊಡ್ತಾರೇನೋ!" ಎಲ್ಲರೂ ನಕ್ಕೆವು. ಅಷ್ಟಕ್ಕೇ ನಿಲ್ಲಿಸಬಾರದಾ? ಅಂಗಡಿಯವನಿಗೇ ಇಂಗ್ಲಿಷಿನಲ್ಲಿ, "ಇದು ಶವರ್ಮಾನೇ ಅಲ್ವಾ, ಅರಬರದ್ದು?" ಅಂದುಬಿಟ್ಟರು. ಭಾವ ಒಳ್ಳೆಯವರೇ, ಆದರೆ ಗೊತ್ತಿಲ್ಲದ ವಿಷಯದಲ್ಲೇ ಅವರಿಗೆ ಧೈರ್ಯ ಜಾಸ್ತಿ.

ಅವನು ಉದ್ದನೆಯ ಚಾಕು ಕೆಳಗಿಟ್ಟ. ತೋರುಬೆರಳು ಎತ್ತಿ ಗಾಳಿಯಲ್ಲಿ ನಿಧಾನಕ್ಕೆ ತಿರುಗಿಸಿದ. "ಡೋನರ್." ಆಮೇಲೆ ಎರಡೂ ಕೈ ಮುಂದೆ ತಂದು ಚಾಪೆ ಸುತ್ತುವ ಹಾಗೆ ಮಾಡಿದ. "ದುರುಮ್." ಅಷ್ಟೇ. ನಿಂತ ಕಂಬಿಯಲ್ಲಿ ಜಿಡ್ಡು ಇಳಿಸುತ್ತಾ ಸುತ್ತುತ್ತಿದ್ದ ಮಾಂಸವನ್ನು ಮತ್ತೆ ತೆಳ್ಳಗೆ ಹೆರೆದು, ಲವಾಶ್ ರೊಟ್ಟಿಯ ಮೇಲೆ ಹಾಕಿ, ಈರುಳ್ಳಿ ಮತ್ತು ಹುಳಿಹುಳಿ ಸುಮಾಕ್ ಪುಡಿ ಉದುರಿಸಿ, ಬೀಡಾದಂಗಡಿಯವನ ಚುರುಕಿನಲ್ಲಿ ಸುತ್ತಿ ಕೊಟ್ಟ. ಮುಖದಲ್ಲಿ ನಗು ಇರಲಿಲ್ಲ.

ರಾತ್ರಿ ರೂಮಿನಲ್ಲಿ ಕೂತು ಹುಡುಕಿದೆ. ಟರ್ಕಿಷ್‌ನಲ್ಲಿ 'ಡೋನ್ಮೆಕ್' ಅಂದರೆ ತಿರುಗು, 'ದುರ್ಮೆಕ್' ಅಂದರೆ ಸುತ್ತು, ಸುರುಳಿ ಮಾಡು. ಬೋರ್ಡನ್ನು ನಮ್ಮ ಮಾತಿಗೆ ತಂದರೆ 'ತಿರುಗೋದರ ಸುರುಳಿ'! ತಮಾಷೆ ಏನು ಗೊತ್ತಾ? ಶವರ್ಮಾ ಅನ್ನೋ ಹೆಸರೂ ಟರ್ಕಿಷ್‌ನ 'ಚೆವಿರ್ಮೆ' ಅರಬರ ಬಾಯಲ್ಲಿ ಹೊರಳಿ ಆದದ್ದು. ಅದಕ್ಕೂ ತಿರುಗಿಸೋದು ಅಂತಲೇ ಅರ್ಥ. ಗ್ರೀಕರೂ ಮೊದಲು ಡೋನರ್ ಅಂತಲೇ ಕರೆಯುತ್ತಿದ್ದರಂತೆ. 1970ರ ದಶಕದಲ್ಲಿ ನಮಗ್ಯಾಕೆ ಟರ್ಕಿಯವರ ಹೆಸರು ಅಂತ ಮುನಿಸಿಕೊಂಡು 'ಗೀರೋಸ್' ಅಂದರು. ಅದರ ಅರ್ಥವೂ ತಿರುಗೋದೇ! ಹೆಸರಿಗೆ ಜಗಳ ಆಡಿದರೂ ಕಂಬಿ ತಿರುಗೋದನ್ನು ಬಿಡಲಾಗಲಿಲ್ಲ.

ನಮ್ಮಲ್ಲೂ ಹೀಗೇ ಅಲ್ವಾ? ಒತ್ತು ಶಾವಿಗೆ ಅಂದರೇನು ಅಂತ ಅವನೇ ನನ್ನನ್ನು ಕೇಳಿದ್ದರೆ ನಾನೂ ಬಾಯಿ ಬಿಡುತ್ತಿರಲಿಲ್ಲ, ಅಜ್ಜಿ ಮೈಭಾರವೆಲ್ಲ ಬಿಟ್ಟು ಶಾವಿಗೆ ಒರಳು ಒತ್ತುತ್ತಿದ್ದ ಹಾಗೆ ಎರಡೂ ಕೈ ಕೆಳಗೆ ಒತ್ತಿ ತೋರಿಸುತ್ತಿದ್ದೆ. ಯಾರಾದರೂ ಬಂದು "ಇದು ನೂಡಲ್ಸ್ ತಾನೇ?" ಅಂದಿದ್ದರೆ ನನ್ನ ಮುಖದಲ್ಲೂ ನಗು ಇರುತ್ತಿರಲಿಲ್ಲ.

ಬೆಳಿಗ್ಗೆ ತಿಂಡಿಗೆ ಕೂತಾಗ ಇದನ್ನೆಲ್ಲ ಭಾವನಿಗೆ ಹೇಳಿದೆ. ಪೂರ್ತಿ ಕೇಳಿ, "ಅದನ್ನೇ ಅಲ್ವೇನೋ ನಾನು ಹೇಳಿದ್ದು, ಎರಡೂ ಒಂದೇ ಅಂತ!" ಅಂದರು. ಸುಮ್ನೆ ಟೀ ಕುಡಿದೆ. ಎಷ್ಟಾದರೂ ಐದು ಜನರ ದುಡ್ಡು ಕೊಟ್ಟ ಡೋನರ್ ಅವರೇ.