ನಟ ಯಾಕೆ ಬೇಕಿತ್ತು?

ಕಳೆದ ಭಾನುವಾರ ನನ್ನ ಮನೆಯಲ್ಲಿ ಚಿತ್ರೀಕರಣ. ತಂಗಿಯ ಮಗನ ಎಂಟು ನಿಮಿಷದ ಹಾಸ್ಯ ಕಿರುಚಿತ್ರ. ಕ್ಯಾಮೆರಾ ಎಂದರೆ ಅವನ ಮೊಬೈಲೇ. ಬಜೆಟ್ 6,500 ರೂಪಾಯಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಊಟ ತಿಂಡಿಗೇ ಹೋಯಿತು. ಇಡೀ ಕುವೆಂಪುನಗರದಲ್ಲಿ ನನ್ನ ಮನೆಯೇ ಯಾಕೆ ಬೇಕಾಯಿತು ಎಂದು ಕೇಳಿದ್ದಕ್ಕೆ, "ದೊಡ್ಡಮ್ಮ, ಇಲ್ಲಿ ಸೆಟ್ ಹಾಕುವ ಅಗತ್ಯವೇ ಇಲ್ಲ" ಎಂದ. ಹೊಗಳಿದನೆಂದುಕೊಂಡೆ. ಕಥೆ ಕೇಳಿದ ಮೇಲೆ ಅರ್ಥವಾಯಿತು.

ಒಬ್ಬ ಒಂಟಿ ಮುದುಕನ ಹುಟ್ಟುಹಬ್ಬ. ಫೇಸ್‌ಬುಕ್ಕಿನಲ್ಲಿ 212 ಜನ ಶುಭಾಶಯ ಕೋರಿದ್ದಾರೆ, ಮನೆಗೆ ಒಬ್ಬರೂ ಬಂದಿಲ್ಲ. ಎದುರಿಗೆ ಒಂದು ಕಿಲೋ ಕೇಕು. ಯಾರಾದರೂ ಬಾಗಿಲು ತಟ್ಟಲಿ ಎಂದು ಅವನು ಮೊಬೈಲಿನಲ್ಲಿ ಒಂದು ಪ್ಲೇಟ್ ಇಡ್ಲಿ ತರಿಸುತ್ತಾನೆ. ಇಡ್ಲಿ ತಂದ ಹುಡುಗನನ್ನು ಕೇಕು ತಿನ್ನು ಎಂದು ಕೂರಿಸಿಕೊಳ್ಳುತ್ತಾನೆ. ಹುಡುಗನಿಗೋ ಮುಂದಿನ ಆರ್ಡರಿನ ಅವಸರ.

ಮುದುಕನ ಪಾತ್ರಕ್ಕೆ ಬಂದವನಿಗೆ ಇಪ್ಪತ್ತಾರು ವರ್ಷ. ತಲೆಗೆ ಪೌಡರ್ ಬಳಿದುಕೊಂಡು ಸೋಫಾದ ನಟ್ಟನಡುವೆ ಕುಳಿತು ನಿಟ್ಟುಸಿರು ಬಿಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಒಬ್ಬರೇ ಇರುವವರು ಸೋಫಾದ ನಡುವೆ ಕೂರುವುದಿಲ್ಲಪ್ಪ. ಫ್ಯಾನಿನ ಕೆಳಗಿನ ಒಂದು ತುದಿ ಅವರದು; ಇನ್ನೊಂದು ತುದಿಯಲ್ಲಿ ವಾರದ ಪತ್ರಿಕೆಗಳು, ಮಡಿಸಿಟ್ಟ ಬಟ್ಟೆ, ಔಷಧಿಯ ಚೀಟಿ. ನಿಟ್ಟುಸಿರನ್ನೂ ಬಿಡುವುದಿಲ್ಲ, ಅದನ್ನು ಕೇಳುವವರಾದರೂ ಬೇಡವೇ? ಕುಕ್ಕರ್ ಕೂಗಿದರೆ "ಇದು ಎರಡನೆಯದು" ಎಂದು ಗಟ್ಟಿಯಾಗಿ ಲೆಕ್ಕ ಹಾಕುತ್ತಾರೆ. ಇಷ್ಟನ್ನೂ ಹೇಳಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಮ್ಮ ನಿರ್ದೇಶಕರು ಓದಿಕೊಂಡಿದ್ದರು ಅನ್ನಿ. ಸಾಮಾಜಿಕ ಸಂಪರ್ಕವಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಅಪಾಯಕಾರಿ ಆಗಬಹುದು ಎಂದು ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಸಲಹೆ ಕೊಡುವ ಹಿರಿಯ ವೈದ್ಯ, ಆಗಿದ್ದ ವಿವೇಕ್ ಮೂರ್ತಿ 2023ರಲ್ಲಿ ಎಚ್ಚರಿಸಿದ್ದರಂತೆ. ಅವರ ಮೂಲ ಮಂಡ್ಯದ ಹಲ್ಲೇಗೆರೆ. ಇಲ್ಲೇ ಪಕ್ಕದ ಊರಿನ ಕುಡಿ ವಾಷಿಂಗ್ಟನ್ನಿಗೆ ಹೋಗಿ ಇದನ್ನು ಹೇಳಬೇಕಾಯಿತು ನೋಡಿ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನಕ್ಕೆಂದೇ ಮಂತ್ರಿಗಳನ್ನು ನೇಮಿಸಿವೆ. ಅಲ್ಲಿ ಮಂತ್ರಿ, ಇಲ್ಲಿ ತಂಗಿಯ ಮಗ.

ಇಡ್ಲಿ ತರುವ ಹುಡುಗನ ಪಾತ್ರಧಾರಿ ಮಧ್ಯಾಹ್ನವಾದರೂ ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ಅಷ್ಟರಲ್ಲಿ ತಂಡಕ್ಕೆ ಊಟ ಹೊತ್ತು ನಿಜವಾದ ಹುಡುಗನೇ ಬಂದ. ಅವನನ್ನೇ ಹಿಡಿದು, ಅಂಗಿಗೆ ಪುಟ್ಟ ಮೈಕ್ ಸಿಕ್ಕಿಸಿ ಕೂರಿಸಿದರು. ಸದ್ದಾಗಬಾರದೆಂದು ಫ್ಯಾನ್ ಆರಿಸಿದ್ದರು, ಫ್ರಿಜ್ಜನ್ನೂ ಆರಿಸಿದ್ದರು. ಸಂಜೆ ಅದನ್ನು ಮತ್ತೆ ಹಾಕಲು ಎಲ್ಲರೂ ಮರೆತು ನನ್ನ ಒಂದು ಲೀಟರ್ ಹಾಲು ಕೆಟ್ಟಿತು, ಆ ಮಾತು ಬೇರೆ. ಕೇಕಿನ ಕ್ರೀಮು ಸೆಕೆಗೆ ಜಾರುತ್ತಿತ್ತು. ಹುಡುಗನಿಗೆ ಉದ್ದದ ಸಂಭಾಷಣೆ ಬರೆದಿದ್ದರು. ಅವನು ಅದನ್ನು ಬದಿಗಿಟ್ಟು, "ಸರ್, ಐದು ಸ್ಟಾರ್ ಕೊಡಿ, ಸಾಕು" ಎಂದು ಎದ್ದು ನಡೆದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿದ್ದವರಲ್ಲಿ ಅವನೊಬ್ಬನೇ ನಟ ಎಂದು ನನಗನ್ನಿಸಿತು.

ಹೊರಡುವ ಮುನ್ನ ನೀರು ಕೇಳಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಲೋಟ ಕೊಟ್ಟೆ.

"ಅಮ್ಮ, ಈ ಮನೆಯಲ್ಲಿ ಯಾರ್ಯಾರಿದ್ದೀರಿ?"

"ನಾನೊಬ್ಬಳೇ."

ನೀರು ಕುಡಿದ. ನಡುಮನೆಯ ಕಡೆ ತಿರುಗಿ ಪೌಡರ್ ತಲೆಯವನನ್ನು ನೋಡಿದ. "ಮತ್ತೆ ಇವರು ನಟನನ್ನು ಯಾಕೆ ಕರೆಸಿದರು?"

ಕುಹಕವೇನೂ ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ನಾನು ಏನೂ ಹೇಳದೆ ಇನ್ನೊಂದು ತುಂಡು ಕೇಕು ಕಟ್ಟಿಕೊಟ್ಟೆ.

ಮೂರು ದಿನದಿಂದ ಅದೇ ಮಾತು. ಬಟ್ಟೆ ಒಣಗಿಸುವಾಗ, ತರಕಾರಿ ಹೆಚ್ಚುವಾಗ, ಇವರು ನಟನನ್ನು ಯಾಕೆ ಕರೆಸಿದರು? ಅವನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೇನೆ. ನಾನೊಬ್ಬಳೇ ಇದ್ದೇನೆಯೇ ಹೊರತು ಒಂಟಿಯಲ್ಲ ಕಣಪ್ಪ. ಸಿಯಾಟಲ್ಲಿನಲ್ಲಿರುವ ಮಗ ಭಾನುವಾರ ಬೆಳಗ್ಗೆ ವಿಡಿಯೋ ಕರೆ ಮಾಡುತ್ತಾನೆ. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಾನು ಒಗ್ಗರಣೆ ಹಾಕುತ್ತೇನೆ, ಅಲ್ಲಿ ಅವನು ರಾತ್ರಿಯ ಪಾತ್ರೆ ತೊಳೆಯುತ್ತಾನೆ. ಎಷ್ಟೋ ಹೊತ್ತು ಇಬ್ಬರೂ ಮಾತಾಡುವುದಿಲ್ಲ. ನನ್ನ ಸಾಸಿವೆ ಸಿಡಿಯುವುದು ಅವನಿಗೆ, ಅವನ ನಲ್ಲಿ ನನಗೆ ಕೇಳಿಸುತ್ತದೆ. ಸಂಜೆ ವಾಟ್ಸ್ಯಾಪಿನಲ್ಲಿ ಅವನ ಹೆಸರಿನ ಕೆಳಗೆ ಆನ್‌ಲೈನ್ ಎಂದು ಕಾಣಿಸಿದರೆ, ಪಕ್ಕದ ಕೋಣೆಯಲ್ಲಿ ಯಾರೋ ಎದ್ದ ಸಪ್ಪಳವಾದ ಹಾಗೆ. ಸಂದೇಶ ಬರಲೇಬೇಕೆಂದಿಲ್ಲ. ಮೊಬೈಲಿನ ನಂಟೆಲ್ಲ ಪೊಳ್ಳು ಎನ್ನುವ ಈ ಹುಡುಗರ ಚಿತ್ರದಲ್ಲಿ ಇದಕ್ಕೆ ಜಾಗವಿಲ್ಲ. ಆ ಮುದುಕನಿಗೆ ಬಂದ 212 ಶುಭಾಶಯಗಳಲ್ಲಿ ಒಂದಾದರೂ ಅವನನ್ನು ನಗಿಸಿರಲಾರದೇ?

ಹೀಗೆಲ್ಲ ವಾದಿಸುತ್ತೇನೆ, ಗಟ್ಟಿಯಾಗಿಯೇ. ಕುಕ್ಕರ್ ಮುಂದೆ.

ನಿನ್ನೆ ರಾತ್ರಿ ತಂಗಿಯ ಮಗ ಫೋನು ಮಾಡಿದ. ಆ ಹುಡುಗನ ಅಂಗಿಯಿಂದ ಮೈಕ್ ತೆಗೆಯುವುದನ್ನು ಮರೆತಿದ್ದರಂತೆ. ನಮ್ಮಿಬ್ಬರ ಮಾತೂ, ಲೋಟ ಕೆಳಗಿಟ್ಟ ಸದ್ದೂ ಸ್ಪಷ್ಟವಾಗಿ ದಾಖಲಾಗಿವೆಯಂತೆ. "ದೊಡ್ಡಮ್ಮ, ಚಿತ್ರ ಅಲ್ಲಿಗೇ ಮುಗಿಸುತ್ತೇನೆ. ಹಾಕಿಕೊಳ್ಳಲೇ?"

"ನನ್ನ ಸಂಭಾವನೆ ಎಷ್ಟು?"

"ಬಜೆಟ್ ಮುಗಿದಿದೆ ದೊಡ್ಡಮ್ಮ."

"ಹಾಗಾದರೆ ಮುಂದಿನ ಭಾನುವಾರ ಹಾಲು ತೆಗೆದುಕೊಂಡು ಬಾ. ಆ ನಿನ್ನ ಮುದುಕನನ್ನೂ ಕರೆದುಕೊಂಡು ಬಾ, ಸೋಫಾದ ತುದಿಯಲ್ಲಿ ಕೂರಿಸಿ ಇನ್ನೊಮ್ಮೆ ತೆಗೆ. ಆಮೇಲೆ ನೋಡೋಣ."